ರಾಯನ ಕಾಲುವೆ, ನೀರಗಂಟಿಯ ಕಾವಲು

ಹಂಪೆಯನ್ನು ನೋಡಿ ಬಂದವರು ಸಾಮಾನ್ಯವಾಗಿ ವಿಠ್ಠಲಸ್ವಾಮಿಯ ಕಲ್ಲಿನ ರಥವನ್ನೂ ವಿರೂಪಾಕ್ಷನ ಗೋಪುರವನ್ನೂ ಕುರಿತು ಮಾತನಾಡುವರು. ಇನ್ನೂ ಸ್ವಲ್ಪ ಗಮನವಿಟ್ಟು ನೋಡಿದವರು ಕಲ್ಲುಕಂಬಗಳ ಮೇಲೆ ಸಾಗಿದ ನೀರಿನ ದೋಣಿಗಳನ್ನೂ, ನೆಲದಲ್ಲಿ ಹುಗಿದ ಮಣ್ಣಿನ ಕೊಳವೆಗಳನ್ನೂ, ಇಂದಿಗೂ ಬಾಳೆಯ ತೋಟಗಳಿಗೆ ನೀರುಣಿಸುತ್ತಿರುವ ಹಳೆಯ ಕಾಲುವೆಗಳನ್ನೂ ನೆನೆಯುವರು. ಅಷ್ಟು ದೊಡ್ಡ ಪಟ್ಟಣಕ್ಕೆ ನೀರು ಹೇಗೆ ಬಂದಿತೆಂಬ ಪ್ರಶ್ನೆಗೆ ಇತಿಹಾಸಕಾರರು ಬಹುಮಟ್ಟಿಗೆ ಉತ್ತರವನ್ನು ಹೇಳಿದ್ದಾರೆ. ಆದರೆ ಅದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಬಂದ ನೀರು ಕುಡಿಯುವವನ ಬಾಯಿಯನ್ನು ಸೇರುವವರೆಗೆ ಕೆಡದಂತೆ ನೋಡಿಕೊಂಡವರು ಯಾರು? ಇಂದು ನೋಡಿಕೊಳ್ಳಬೇಕಾದವರು ಯಾರು?

ನೀರನ್ನು ತರುವುದು ಒಂದು ವಿದ್ಯೆ; ತಂದ ನೀರನ್ನು ಕಾಯುವುದು ಮತ್ತೊಂದು. ಮೊದಲನೆಯದನ್ನು ಮಾಡಿದವರ ಹೆಸರು ಶಾಸನಗಳಲ್ಲಿ ಉಳಿಯುವುದು. ಎರಡನೆಯದನ್ನು ಮಾಡಿದವರ ಹೆಸರು ಉಳಿಯುವುದು ಅಪರೂಪ. ತುಂಗಭದ್ರೆಯ ಸುತ್ತಿನ ನಾಲ್ಕು ಊರುಗಳು, ಎಂದರೆ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ, ಈ ಎರಡು ವಿದ್ಯೆಗಳ ಕಥೆಯನ್ನು ಒಟ್ಟಿಗೆ ಹೇಳುತ್ತವೆ. ಇವು ಒಂದಕ್ಕೊಂದು ದೂರವಲ್ಲ; ಆದರೂ ಒಂದು ಊರು ಜಲಾಶಯದ ಮಗ್ಗುಲಲ್ಲಿದೆ, ಒಂದು ಪಾಳುಬಿದ್ದ ರಾಜಧಾನಿ, ಒಂದು ಅದಿರಿನ ಬೆಟ್ಟಗಳ ನಡುವಿನ ಕಣಿವೆ, ಮತ್ತೊಂದು ನದಿಯ ದಂಡೆಯ ಕೋಟೆಯೂರು. ಆದುದರಿಂದ ಕುಡಿಯುವ ನೀರಿಗೆ ಬರುವ ಬೇರೆ ಬೇರೆ ಅಪಾಯಗಳನ್ನು ಇಲ್ಲಿ ಒಂದೇ ಸೀಮೆಯಲ್ಲಿ ನೋಡಬಹುದು.

ಮೊದಲು ನೀರನ್ನು ತಂದವರ ಕಥೆಯನ್ನು ನೋಡೋಣ. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕನಾದ ಫೆರ್ನಾವೊ ನೂನಿಜ್ ಎಂಬಾತನು, ವಿಜಯನಗರದ ಅರಸನೊಬ್ಬನು ನದಿಗೆ ದೊಡ್ಡ ಬಂಡೆಗಳನ್ನು ಹಾಕಿಸಿ ಅಡ್ಡಗಟ್ಟೆಯನ್ನು ಕಟ್ಟಿಸಿ ಪಟ್ಟಣಕ್ಕೆ ಕಾಲುವೆಯನ್ನು ತಂದನೆಂದು ಬರೆದಿದ್ದಾನೆ. ಆ ಅರಸನು ಒಂದನೆಯ ದೇವರಾಯನೆಂದು ವಿದ್ವಾಂಸರು ಗುರುತಿಸಿರುವರು. 1443ರಲ್ಲಿ ಇಲ್ಲಿಗೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ಅರಮನೆಯ ಬಳಿ ನುಣುಪಾಗಿ ಕೆತ್ತಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಕಂಡು ಬೆರಗಾದನು. ಕೃಷ್ಣದೇವರಾಯನ ಕಾಲದಲ್ಲಿ ಕೆಲಸವು ಇನ್ನೂ ವಿಸ್ತಾರವಾಯಿತು. ಅವನು ನಾಗಲಾಪುರವೆಂಬ ಹೊಸ ಪಟ್ಟಣವನ್ನು ಕಟ್ಟಿಸಿದನು. ಅದೇ ಇಂದಿನ ಹೊಸಪೇಟೆ. ಅದರ ಸಮೀಪದಲ್ಲಿ ಎರಡು ಬೆಟ್ಟಸಾಲುಗಳ ನಡುವೆ ಏರಿಯನ್ನು ಹಾಕಿ ಕಟ್ಟುತ್ತಿದ್ದ ಮಹಾ ತಟಾಕವನ್ನು ದೊಮಿಂಗೊ ಪಾಯಿಸ್ ಎಂಬ ಪ್ರವಾಸಿಯು ಕಣ್ಣಾರೆ ನೋಡಿದನು. ಹದಿನೈದು ಇಪ್ಪತ್ತು ಸಾವಿರ ಜನರು ಅಲ್ಲಿ ಇರುವೆಗಳಂತೆ ಕೆಲಸ ಮಾಡುತ್ತಿದ್ದರೆಂದು ಅವನ ವರ್ಣನೆ. ಆ ಏರಿಯು ಎರಡು ಮೂರು ಸಲ ಒಡೆಯಿತೆಂದೂ, ಅದು ನಿಲ್ಲಲೆಂದು ಅರವತ್ತು ಜನರನ್ನು ಬಲಿಕೊಟ್ಟರೆಂದೂ ಅವನೇ ಹೇಳುತ್ತಾನೆ. ನೀರಿನ ಆಸೆಯು ಎಷ್ಟು ದೊಡ್ಡದಾಗಿತ್ತೋ ಅದಕ್ಕೆ ತೆತ್ತ ಬೆಲೆಯೂ ಅಷ್ಟೇ ಭೀಕರವಾಗಿತ್ತು.

ಹೀಗೆ ಬಂದ ನೀರಿನಲ್ಲಿ ಜನರು ಕುಡಿದದ್ದು ಯಾವುದನ್ನು? ಹೆಚ್ಚಿನ ಕಾಲುವೆಗಳು ಮೊದಲಿಗೆ ಗದ್ದೆತೋಟಗಳಿಗಾಗಿ ಹುಟ್ಟಿದುವು. ಅರಮನೆಯ ಆವರಣದಲ್ಲಿ 1980ರ ದಶಕದಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಕೊಳವಂತೂ ಕಪ್ಪುಶಿಲೆಯ ಅದ್ಭುತ. ಯಾವ ಕಲ್ಲು ಯಾವ ಸಾಲಿನಲ್ಲಿ ಕೂಡಬೇಕೆಂದು ತಿಳಿಸುವ ಗುರುತುಗಳು ಅದರ ಮೇಲೆ ಇನ್ನೂ ಉಳಿದಿವೆ. ಆದರೆ ಅದು ಜನಸಾಮಾನ್ಯರ ಕೊಡಕ್ಕಾಗಿ ಕಟ್ಟಿದ್ದಲ್ಲ. ಅವಶೇಷಗಳ ನಡುವೆ ಅಲ್ಲಲ್ಲಿ ಕಾಣುವ ಬಾವಿಗಳನ್ನು ನೋಡಿದರೆ, ಮನೆಮನೆಯ ಬಾಯಾರಿಕೆಯನ್ನು ತಣಿಸಿದ್ದು ಬಹುಮಟ್ಟಿಗೆ ಬಾವಿಯೇ ಎಂದು ಊಹಿಸಲು ಅವಕಾಶವಿದೆ. ಕಾಲುವೆ ಮತ್ತು ಕೆರೆಗಳಿಂದ ಇಂಗಿದ ನೀರು ಆ ಬಾವಿಗಳಿಗೂ ಆಧಾರವಾಗಿದ್ದಿರಬೇಕು.

ಇನ್ನು ಕಾವಲಿನ ವಿಷಯ. ಆ ಕಾಲದವರು ಇದನ್ನು ಯೋಚಿಸಲೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ವಿಜಯನಗರದ ರಾಜಪುತ್ರನಾದ ಭಾಸ್ಕರನು ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಹಾಕಿಸಿದ 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರುವ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಸಿಹಿನೀರಿನ ನದಿ ಇರಬೇಕು, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನಿರಬೇಕು ಎಂಬುವು ಅಂಗಗಳಲ್ಲಿ ಸೇರಿವೆ. ಉಪ್ಪುಮಣ್ಣು ಇರುವುದು, ಏರಿಯಿಂದ ನೀರು ಜಿನುಗುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇವೆಲ್ಲ ದೋಷಗಳು. ನೀರಿನ ಗುಣವನ್ನೂ ಕಟ್ಟಡದ ಭದ್ರತೆಯನ್ನೂ ಆಡಳಿತದ ತೊಡಕನ್ನೂ ಒಂದೇ ಪಟ್ಟಿಯಲ್ಲಿಟ್ಟು ನೋಡಿದ ಆ ಬುದ್ಧಿಯನ್ನು ನಾವು ಮೆಚ್ಚಲೇಬೇಕು.

ಪಟ್ಟಿಯಿದ್ದರೆ ಸಾಲದು, ನಿತ್ಯ ದುಡಿಯುವ ಕೈ ಬೇಕು. ಅದಕ್ಕಾಗಿ ನಮ್ಮ ನಾಡಿನಲ್ಲಿ ಏರ್ಪಾಟುಗಳಿದ್ದುವು. ಕೆರೆಯನ್ನು ಕಟ್ಟಿದವನಿಗೂ ದುರಸ್ತಿ ಮಾಡಿಸಿದವನಿಗೂ ಕಟ್ಟುಕೊಡಗೆ, ದಶವಂದ ಮುಂತಾದ ಹೆಸರಿನಲ್ಲಿ ಭೂಮಿಯನ್ನೋ ಹುಟ್ಟುವಳಿಯ ಭಾಗವನ್ನೋ ಬಿಡುತ್ತಿದ್ದರು. ಹೂಳನ್ನು ಹೊತ್ತು ಹಾಕಲು ಕೆರೆಬಂಡಿಗಳನ್ನು ನಡೆಸುವ ದತ್ತಿಗಳಿದ್ದುವು. ತೂಬನ್ನು ಎತ್ತುವವನು, ಇಳಿಸುವವನು, ಯಾರ ಪಾಲು ಎಷ್ಟೆಂದು ಅರಿತು ನೀರನ್ನು ಬಿಡುವವನು ನೀರಗಂಟಿ. ಅವನಿಗೆ ಊರವರು ಸುಗ್ಗಿಯಲ್ಲಿ ಕಾಳಿನ ಪಾಲನ್ನು ಕೊಡುತ್ತಿದ್ದರು. ಕೆರೆಯನ್ನು ಕೆಡಿಸಿದವನಿಗೆ ಮಹಾಪಾಪ ಬರುವುದೆಂಬ ನಂಬಿಕೆಯೂ ಕಾವಲಿಗೆ ನಿಂತಿತ್ತು. ಆದರೆ ಈ ಕಾವಲೆಲ್ಲವೂ ಕಣ್ಣಿಗೆ ಕಾಣುವ ಕೇಡಿನ ಮೇಲೆ ಇಟ್ಟ ಕಾವಲು. ನೀರು ತಿಳಿಯಾಗಿದ್ದರೆ, ನಾಲಗೆಗೆ ಸಿಹಿಯಾಗಿದ್ದರೆ, ಅದು ಒಳ್ಳೆಯ ನೀರು. ತಿಳಿನೀರಿನಲ್ಲಿಯೂ ಮೃತ್ಯು ಅಡಗಿರಬಹುದೆಂಬ ಸಂಗತಿಯು ಜಗತ್ತಿನಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

ಅದು ತಿಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1854ರಲ್ಲಿ ಲಂಡನ್ ನಗರದ ಒಂದು ಬೀದಿಯಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ಎಣಿಸಿ ನೋಡಿದ ಜಾನ್ ಸ್ನೋ ಎಂಬ ವೈದ್ಯನು, ಅವರೆಲ್ಲರೂ ಹೆಚ್ಚಾಗಿ ಒಂದೇ ನೀರಿನ ಪಂಪನ್ನು ಬಳಸುತ್ತಿದ್ದರೆಂದು ತೋರಿಸಿದನು. ಮೂವತ್ತು ವರ್ಷಗಳ ತರುವಾಯ, 1884ರಲ್ಲಿ, ರಾಬರ್ಟ್ ಕಾಖ್ ಎಂಬ ಜರ್ಮನ್ ವಿಜ್ಞಾನಿಯು ನಮ್ಮ ದೇಶದ ಕಲ್ಕತ್ತೆಯಲ್ಲಿಯೇ, ಜನರು ಕುಡಿಯುತ್ತಲೂ ಸ್ನಾನಮಾಡುತ್ತಲೂ ಇದ್ದ ಕೊಳದ ನೀರಿನಲ್ಲಿ ಆ ರೋಗದ ಜೀವಾಣುವನ್ನು ಕಂಡನು. ಕುಡಿಯುವ ನೀರನ್ನು ಮೀಯುವ ನೀರಿನಿಂದ ಬೇರೆ ಮಾಡಬೇಕೆಂಬ ಮಾತು ಅಂದಿನಿಂದ ಬರಿಯ ಮಡಿಯ ಮಾತಾಗಿ ಉಳಿಯಲಿಲ್ಲ, ಪ್ರಾಣದ ಮಾತಾಯಿತು.

ಇದಕ್ಕೆ ನಮ್ಮ ಸೀಮೆಯದೇ ಆದ ಒಂದು ದೃಷ್ಟಾಂತವಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ಎಂಬ ರೋಗವಿತ್ತು. ಕಾಲಿನ ಹುಣ್ಣಿನಿಂದ ಮೊಳಗಟ್ಟಲೆ ಉದ್ದದ ನಾರಿನಂಥ ಹುಳುವು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟರಂತೆ ಎಳೆದು ತೆಗೆಯುವುದೊಂದೇ ಉಪಾಯ. ರೋಗಿಯು ಮೆಟ್ಟಿಲುಬಾವಿಗೆ ಇಳಿದು ನೀರಿನಲ್ಲಿ ಕಾಲಿಟ್ಟಾಗ ಹುಳುವು ತನ್ನ ಮರಿಗಳನ್ನು ನೀರಿಗೆ ಬಿಡುವುದು; ಅವುಗಳನ್ನು ಸೈಕ್ಲೋಪ್ಸ್ ಎಂಬ ಅತಿ ಸಣ್ಣ ನೀರುಚಿಗಟವು ನುಂಗುವುದು; ಆ ನೀರನ್ನು ಕುಡಿದವನಿಗೆ ಸುಮಾರು ಒಂದು ವರ್ಷದ ಮೇಲೆ ಅದೇ ಹುಣ್ಣು. ಎಂದರೆ ಕೊಡ ತುಂಬಲು ಅನುಕೂಲವಾಗಲೆಂದು ಪುಣ್ಯಾತ್ಮರು ಕಟ್ಟಿಸಿದ ಮೆಟ್ಟಿಲುಗಳೇ ರೋಗಕ್ಕೆ ದಾರಿಯಾಗಿದ್ದುವು. ಮದ್ದಾಗಲಿ ಲಸಿಕೆಯಾಗಲಿ ಇಲ್ಲದ ಈ ರೋಗವನ್ನು ದೇಶವು ಗೆದ್ದದ್ದು ನೀರಿನ ಕಾವಲಿನಿಂದಲೇ. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿದರು, ಕೈಪಂಪುಗಳನ್ನು ಹಾಕಿಸಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. 1996ರಲ್ಲಿ ಭಾರತದ ಕೊನೆಯ ರೋಗಿಯು ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಪಾಪಭಯದ ಜಾಗಕ್ಕೆ ಕಾಯಿದೆಯು ಬಂದದ್ದು ಈ ಹೊಸ ತಿಳಿವಳಿಕೆಯ ಫಲ. ಹೊಸಪೇಟೆ, ಹಂಪೆ, ಕಂಪ್ಲಿಗಳು ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. 1939ರ ಮದರಾಸು ಸಾರ್ವಜನಿಕ ಆರೋಗ್ಯದ ಕಾಯಿದೆಯು, ಊರಿಗೆ ಕುಡಿಯುವ ನೀರನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲಿಟ್ಟಿತು. ಕೆಟ್ಟ ನೀರಿನ ಬಾವಿಯನ್ನು ಶುದ್ಧಿಮಾಡಿಸುವ ಅಥವಾ ಮುಚ್ಚಿಸುವ ಅಧಿಕಾರವನ್ನು ಕೊಟ್ಟಿತು. ಜಾತ್ರೆ ಉತ್ಸವಗಳಿಗಾಗಿ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿತು. ಯಾತ್ರಿಕರು ಒಂದೆಡೆ ಸೇರುವ ಹಂಪೆಯಂಥ ಕ್ಷೇತ್ರಗಳಲ್ಲಿ ಕೊನೆಯ ಅಂಶವು ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿದ್ದು, 1949ರಲ್ಲಿ ಮದರಾಸಿನೊಡನೆ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಈ ನಾಲ್ಕು ಊರುಗಳೂ ಮೈಸೂರು ರಾಜ್ಯಕ್ಕೆ ಬಂದುವು.

ಇಲ್ಲಿ ‘ಸಾರ್ವಜನಿಕ’ ಎಂಬ ಶಬ್ದದ ಮೇಲೆ ನಾವು ಒಂದು ಕ್ಷಣ ನಿಲ್ಲಬೇಕು. ಎಲ್ಲರೂ ಸೇದಲು ಹಕ್ಕಿಲ್ಲದ ಬಾವಿಯ ನೀರು ಎಷ್ಟು ಶುದ್ಧವಾಗಿದ್ದರೂ ಅದು ಸಾರ್ವಜನಿಕವಾದ ನೀರಲ್ಲ. ಜಾತಿಯ ಕಾರಣದಿಂದ ಬಾವಿಯಿಂದ ದೂರವಿರಿಸಲ್ಪಟ್ಟವರು ಹಳ್ಳದ ನೀರನ್ನೋ ಗುಂಡಿಯ ನೀರನ್ನೋ ಕುಡಿಯಬೇಕಾಗುತ್ತಿತ್ತು; ರೋಗವೂ ಮೊದಲು ಅವರನ್ನೇ ಹಿಡಿಯುತ್ತಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿ, ಅಲ್ಲಿ ಜಾತಿಮತಗಳ ತಡೆಯಿರಕೂಡದೆಂದು ವಿಧಿಸಿತು. ಇದು ಸಾಮಾಜಿಕ ನ್ಯಾಯದ ವಿಧಿ ಮಾತ್ರವಲ್ಲ, ಆರೋಗ್ಯದ ವಿಧಿಯೂ ಹೌದು.

ಈ ನಡುವೆ ನೀರಿನ ಮೂಲವೇ ಬದಲಾಯಿತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ರಾಯರ ಕಾಲದ ಕೆಲವು ಕಾಲುವೆಗಳೂ ಅಂದಿನಿಂದ ಈ ಜಲಾಶಯದ ನೀರನ್ನೇ ನೆಚ್ಚಿಕೊಂಡುವು. ಹೊಸಪೇಟೆಯವರ ಪಾಲಿಗೆ ಊರ ಬಾಗಿಲಲ್ಲಿಯೇ ಸಮುದ್ರವೊಂದು ನಿಂತಂತಾಯಿತು. ಆದರೆ ಸಮುದ್ರಕ್ಕೂ ಕಾವಲು ಬೇಕು. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ಇದ್ದ ಜಲಾಶಯದ ಹಿಡಿತವು ಹೂಳಿನಿಂದ ಕುಗ್ಗಿ 2016ರ ಅಳತೆಯಲ್ಲಿ ಸುಮಾರು 105ಕ್ಕೆ ಇಳಿಯಿತು. 2024ರ ಆಗಸ್ಟ್ 10ರ ರಾತ್ರಿ 33 ಬಾಗಿಲುಗಳಲ್ಲಿ ಒಂದಾದ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆಯನ್ನು ಇಳಿಸಿ ಅದನ್ನು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು.

ಗುಣದ ಮಾತು ಇನ್ನೂ ಸೂಕ್ಷ್ಮವಾದದ್ದು. ನದಿಯ ಮೇಲ್ಭಾಗದಲ್ಲಿ ಶಿವಮೊಗ್ಗ, ಭದ್ರಾವತಿ, ಹರಿಹರ ಮೊದಲಾದ ಊರುಗಳಿವೆ; ಕಾರ್ಖಾನೆಗಳಿವೆ; ಗೊಬ್ಬರ ಹಾಕಿದ ಗದ್ದೆಗಳಿವೆ. ಅಲ್ಲಿಂದ ಇಳಿದು ಬಂದದ್ದೆಲ್ಲ ಈ ಜಲಾಶಯದಲ್ಲಿ ನಿಲ್ಲುತ್ತದೆ. ಕೆಲವು ವರ್ಷಗಳಲ್ಲಿ ಇಲ್ಲಿಯ ನೀರು ಪಾಚಿಯಿಂದ ಹಸಿರಾದದ್ದುಂಟು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಕೆಲವು ಜಾತಿಯ ಪಾಚಿಗಳು ಬಿಡುವ ವಿಷವು ಕುದಿಸಿದ ಮಾತ್ರಕ್ಕೆ ಹೋಗದು. ಆದುದರಿಂದ ಕೆಳಗಿನ ಊರಿನ ಆರೋಗ್ಯವು ಮೇಲಿನ ಊರಿನ ಚರಂಡಿಯಲ್ಲಿದೆ ಎಂದರೆ ತಪ್ಪಾಗದು. ಇದನ್ನು ಅರಿತೇ 1974ರಲ್ಲಿ ಜಲಮಾಲಿನ್ಯ ನಿವಾರಣೆಯ ಕೇಂದ್ರ ಕಾಯಿದೆಯು ಹುಟ್ಟಿತು. ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಾಪಿತವಾಯಿತು.

ಸಂಡೂರಿನ ತೊಡಕು ಬೇರೆ ಬಗೆಯದು. ಓಬಳಗಂಡಿ, ಭೀಮಗಂಡಿ ಎಂಬ ಬೆಟ್ಟದ ಕಂಡಿಗಳ ನಡುವಣ ಕಣಿವೆಯಲ್ಲಿ ನಾರಿಹಳ್ಳವು ಹರಿಯುತ್ತದೆ. ಸುತ್ತಣ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿವೆ. ಬೆಟ್ಟದ ಮೈಯನ್ನು ಬಗೆದಾಗ ಮೊದಲ ಮಳೆಯಲ್ಲಿಯೇ ಕೆಂಪು ಮಣ್ಣು ಹಳ್ಳಕ್ಕೂ ಕೆರೆಗೂ ಇಳಿಯುವುದು. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದದ್ದೂ, ಅನಂತರ ಮಿತಿಗಳನ್ನು ವಿಧಿಸಿ ಪುನಃ ಅನುಮತಿಸಿದ್ದೂ ಎಲ್ಲರಿಗೂ ತಿಳಿದಿರುವುದೇ. ಕೆಂಪು ನೀರಾದರೋ ತನ್ನ ಕೇಡನ್ನು ತಾನೇ ಸಾರುತ್ತದೆ. ಬಳ್ಳಾರಿ ಸೀಮೆಯ ಕೆಲವು ಕೊಳವೆಬಾವಿಗಳಿಂದ ಬರುವ ಫ್ಲೋರೈಡು ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಮೊದಲು ಕಾಣುವುದು, ಆಮೇಲೆ ಎಲುಬಿಗೆ ಇಳಿಯುವುದು. ನಮ್ಮ ದೇಶದಲ್ಲಿ ಈ ಎಲುಬುರೋಗವನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದರಾಸು ಆಧಿಪತ್ಯದ ನೆಲ್ಲೂರು ಸೀಮೆಯಲ್ಲಿ. ಕುಡಿಯುವ ನೀರನ್ನು ಕುರಿತ ಭಾರತೀಯ ಮಾನದಂಡವು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ. ಬೇರೆ ನೀರು ಸಿಕ್ಕದೆಡೆ 1.5ರವರೆಗೆ ಸಹಿಸುತ್ತದೆ. ಈ ಅಂಕೆಯು ಕಣ್ಣಿಗಾಗಲಿ ನಾಲಗೆಗಾಗಲಿ ತಿಳಿಯತಕ್ಕದ್ದಲ್ಲ, ಪರೀಕ್ಷೆಯೊಂದೇ ದಾರಿ. ಕುದಿಸಿದರಂತೂ ನೀರು ಆವಿಯಾಗಿ ಅದು ಇನ್ನಷ್ಟು ಹೆಚ್ಚುವುದು.

ಕಂಪ್ಲಿಯು ನದಿಯ ದಂಡೆಯಲ್ಲಿಯೇ ಇರುವ ಊರು. ಅಣೆಕಟ್ಟಿನಿಂದ ಹೆಚ್ಚು ನೀರನ್ನು ಬಿಟ್ಟ ದಿನಗಳಲ್ಲಿ ಗಂಗಾವತಿಯ ಕಡೆಗೆ ಹೋಗುವ ಸೇತುವೆಯೇ ಮುಳುಗುತ್ತದೆ. ಊರೆಲ್ಲ ನೀರಾದ ದಿನವೇ ಕುಡಿಯುವ ನೀರಿಗೆ ಅಭಾವ ಬರುವುದು ವಿಚಿತ್ರವಾಗಿ ತೋರಿದರೂ ಸತ್ಯ. ಪ್ರವಾಹವು ತಿಪ್ಪೆಯನ್ನೂ ಶೌಚಗುಂಡಿಯನ್ನೂ ತೊಳೆದು ಬಾವಿಗೂ ಒಡೆದ ಕೊಳವೆಗೂ ಸೇರಿಸುತ್ತದೆ. ಪ್ರವಾಹವು ಇಳಿದ ಮೇಲಿನ ವಾರವೇ ಹೆಚ್ಚು ಎಚ್ಚರವಾಗಿರಬೇಕಾದ ವಾರ.

ಇಷ್ಟೆಲ್ಲ ದೂರದ ಅಪಾಯಗಳನ್ನು ದಾಟಿ ಬಂದ ನೀರು ಹೆಚ್ಚಾಗಿ ಕೆಡುವುದು ನಮ್ಮ ಬೀದಿಯಲ್ಲಿಯೇ ಎಂಬುದು ಕಹಿಯಾದ ಮಾತು. 2021ರಲ್ಲಿ ಇದೇ ಸೀಮೆಯ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತವಾದ ನೀರನ್ನು ಕುಡಿದು ಹಲವರು ಹಾಸಿಗೆ ಹಿಡಿದರು. ಆರು ಜನರು ಮಡಿದರೆಂದು ವರದಿಯಾಯಿತು. ಅದೇ ವರ್ಷ ಹೊಸಪೇಟೆಯು ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾಗಿ ಸಂಭ್ರಮಿಸಿತ್ತು. ಮಹಾ ಜಲಾಶಯವನ್ನು ಮಡಿಲಲ್ಲಿಟ್ಟುಕೊಂಡ ಜಿಲ್ಲೆಯಲ್ಲಿ ಒಂದು ಕೊಡ ನೀರು ಮನೆಯವರ ಪ್ರಾಣವನ್ನು ತೆಗೆಯಿತು.

ನಲ್ಲಿಯ ನೀರು ಬೀದಿಯಲ್ಲಿ ಕೆಡುವ ಬಗೆಯನ್ನು ನಾವೆಲ್ಲರೂ ತಿಳಿದಿರಬೇಕು. ನಮ್ಮ ಊರುಗಳಲ್ಲಿ ನಲ್ಲಿಗೆ ನೀರು ದಿನವಿಡೀ ಬರುವುದಿಲ್ಲ. ಗೊತ್ತಾದ ಹೊತ್ತಿಗೆ ಬಿಟ್ಟು ನಿಲ್ಲಿಸುವರು. ಕೊಳವೆಯು ಅನೇಕ ಕಡೆ ಚರಂಡಿಯ ಪಕ್ಕದಲ್ಲಿಯೋ ಅಡಿಯಲ್ಲಿಯೋ ಹಾದಿರುತ್ತದೆ. ನೀರು ತುಂಬಿ ಹರಿಯುವಾಗ ಬಿರುಕಿನಿಂದ ಒಳಗಿನದು ಹೊರಕ್ಕೆ ಚಿಮ್ಮುವುದು. ನಿಲ್ಲಿಸಿದ ಕೂಡಲೆ ಒತ್ತಡವು ಇಳಿದು ಹೊರಗಿನ ಹೊಲಸು ಒಳಕ್ಕೆ ಸೇರುವುದು. ಮರುದಿನದ ಮೊದಲ ಕೊಡಕ್ಕೆ ಬರುವುದು ಅದೇ. ಇದಕ್ಕೆ ಕೊನೆಯ ಕಾವಲು ಕ್ಲೋರೀನು. ಮನೆಯ ನಲ್ಲಿಯಲ್ಲಿ ಬೀಳುವ ನೀರಿನಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರೀನು ಉಳಿದಿರಬೇಕೆಂದೂ, 100 ಮಿಲಿಲೀಟರು ನೀರಿನಲ್ಲಿ ಮಲಮೂಲದ ರೋಗಾಣುವಿನ ಗುರುತು ಒಂದೂ ಇರಬಾರದೆಂದೂ ಮಾನದಂಡವು ಹೇಳುತ್ತದೆ.

ಈ ಅಂಕೆಯನ್ನು ನಿಜವಾಗಿ ಕಾಪಾಡುವವನು ಯಾರು? ಪುಡಿಯನ್ನು ಅಳೆದು ತೊಟ್ಟಿಗೆ ಹಾಕುವವನು, ಬೆಳಗಿನ ಜಾವ ಕೊಳವೆಯ ಕೀಲನ್ನು ತಿರುಗಿಸುವವನು, ಎಲ್ಲಿ ಜಿನುಗುತ್ತಿದೆಯೆಂದು ಮೊದಲು ಕಾಣುವವನು ಇಂದಿಗೂ ನೀರಗಂಟಿಯೇ. ಗ್ರಾಮಪಂಚಾಯತಿಗಳಲ್ಲಿ ಆ ಹೆಸರು ಇನ್ನೂ ಉಳಿದಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಪ್ರತಿಯೊಂದು ಗ್ರಾಮದ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದು ಗೊತ್ತುಮಾಡಿದೆ. ಹೊಸ ಕಾಲದ ನೀರಗಂಟಿಗಳೆಂದು ಅವರನ್ನೂ ಎಣಿಸಬಹುದು. ಕೋಟಿಗಟ್ಟಲೆ ಹಣದಿಂದ ಹೊಸ ಕೊಳವೆಯನ್ನು ತಂದು ಉದ್ಘಾಟನೆಯ ಕಲ್ಲನ್ನು ನಿಲ್ಲಿಸಲು ನಾವು ಮರೆಯುವುದಿಲ್ಲ. ಅದನ್ನು ಕಾಯುವವರ ಸಂಬಳ, ತರಬೇತಿ, ಪರೀಕ್ಷೆಯ ಸಾಮಗ್ರಿಗಳ ವಿಷಯದಲ್ಲಿ ಮಾತ್ರ ನಮ್ಮ ಕೈ ಬಿಗಿಯಾಗುತ್ತದೆ. ಹಿಂದಿನವರು ಕೆರೆಯನ್ನು ಕಟ್ಟಿದ ದಿನವೇ ಅದರ ದುರಸ್ತಿಗೆ ಭೂಮಿಯನ್ನು ಬಿಟ್ಟರು. ಆ ವಿವೇಕವನ್ನು ನಾವು ಇಂದಿನ ಆಯವ್ಯಯದ ಪಟ್ಟಿಗೆ ತರಬೇಕಾಗಿದೆ.

ನಗರವಾಸಿಗಳಾದ ನಮ್ಮಿಂದ ಆಗತಕ್ಕ ಕೆಲಸವೂ ಒಂದಿದೆ. ನಮ್ಮ ಬೀದಿಯ ನೀರನ್ನು ಕೊನೆಯ ಸಲ ಯಾವ ದಿನ ಪರೀಕ್ಷಿಸಿದರು, ಫಲವೇನು ಬಂದಿತು ಎಂದು ನಗರಸಭೆಯನ್ನು ಕೇಳುವುದು. ಆ ಫಲವನ್ನು ಎಲ್ಲರಿಗೂ ಕಾಣುವಂತೆ ಕಚೇರಿಯ ಹಲಗೆಯ ಮೇಲೆ ಬರೆಸುವುದು. ರಾಯರು ತಮ್ಮ ದಾನಗಳನ್ನು ಕಲ್ಲಿನ ಮೇಲೆ ಬರೆಸಿದರು. ವಾರಕ್ಕೊಮ್ಮೆ ಅಳಿಸಿ ಪುನಃ ಬರೆಯಬೇಕಾದ ಈ ಶಾಸನಕ್ಕೆ ಸೀಮೆಸುಣ್ಣವೇ ಸಾಕು.